ಲಾವಾರಸ ಒಂದೆಡೆ ಹರಿಯುವುದೇಕೆ, ಇನ್ನೊಂದೆಡೆ ಸಿಡಿಯುವುದೇಕೆ?

ಪ್ರಶ್ನೆ:
ಭೂಮಿಯ ಒಡಲಲ್ಲಿ ಕರಗಿದ ಬಂಡೆಯ ಸಮುದ್ರವೇ ಇದೆ, ಅದು ಉಕ್ಕಿದಾಗ ಜ್ವಾಲಾಮುಖಿ ಬಾಯಿ ತೆರೆಯುತ್ತದೆ ಎಂದು ಶಾಲೆಯ ದಿನಗಳಿಂದ ನಂಬಿಕೊಂಡು ಬಂದಿದ್ದೇನೆ. ಹಾಗಿದ್ದರೆ ಹವಾಯಿಯ ಕಿಲೌಯಾದಲ್ಲಿ ಲಾವಾರಸ ಹೆಚ್ಚಾಗಿ ಹೊಳೆಯಂತೆ ಹರಿಯುವಾಗ, 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಬೆಟ್ಟದ ತುದಿಯೇ ಇಲ್ಲವಾದದ್ದು ಹೇಗೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಆ ಸಮುದ್ರದ ಚಿತ್ರವನ್ನು ಮೊದಲು ಕೈಬಿಡಿ. ಭೂಮಿಯ ಚಿಪ್ಪಿನ ಕೆಳಗಿರುವ ಮ್ಯಾಂಟಲ್ ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾದಿದ್ದರೂ, ಮೇಲಿನ ಭಾರದ ಒತ್ತಡದಿಂದಾಗಿ ಬಹುಪಾಲು ಗಟ್ಟಿಯಾಗಿಯೇ ಉಳಿದಿದೆ. ಐಸ್‌ಲ್ಯಾಂಡ್‌ನಂಥ ಕಡೆ ಭೂಫಲಕಗಳು (ಭೂಮಿಯ ಹೊರಪದರದ ದೊಡ್ಡ ತುಂಡುಗಳು) ದೂರ ಸರಿದಂತೆ ಕೆಳಗಿನ ಬಿಸಿಬಂಡೆ ಮೇಲೇರುತ್ತದೆ. ಶಾಖ ಹೆಚ್ಚದಿದ್ದರೂ ಒತ್ತಡ ಇಳಿದದ್ದರಿಂದಲೇ ಅದು ಕರಗತೊಡಗುತ್ತದೆ. ಫಿಲಿಪ್ಪೀನ್ಸ್, ಜಪಾನ್‌ಗಳಲ್ಲಿ ಕಾರಣ ಬೇರೆ: ಒಂದು ಫಲಕ ಇನ್ನೊಂದರಡಿ ಜಾರುವಾಗ, ಸಾಗರತಳದ ಖನಿಜಗಳೊಳಗಿದ್ದ ನೀರು ಬಿಡುಗಡೆಯಾಗಿ ಮೇಲಿನ ಬಂಡೆಗೆ ಸೇರುತ್ತದೆ, ನೀರು ಸೇರಿದ ಬಂಡೆ ಕಡಿಮೆ ಶಾಖಕ್ಕೇ ಕರಗುತ್ತದೆ.

ಉತ್ತರ 2:
ಹರಿಯುವುದೋ ಸಿಡಿಯುವುದೋ ಎಂಬುದನ್ನು ಅನಿಲವೂ, ಪಾಕವನ್ನು ಅಂಟಾಗಿಸುವ ಸಿಲಿಕಾವೂ (ಮರಳಿನಲ್ಲಿರುವ ಖನಿಜಾಂಶ) ನಿರ್ಧರಿಸುತ್ತವೆ. ಆಳದಲ್ಲಿ ಶಿಲಾಪಾಕದೊಳಗೆ, ಅಂದರೆ ನೆಲದಡಿಯ ಕರಗಿದ ಬಂಡೆಯೊಳಗೆ, ಬೆರೆತಿರುವ ನೀರಾವಿ, ಇಂಗಾಲದ ಡೈಆಕ್ಸೈಡ್‌ಗಳು ಅದು ಮೇಲೇರಿದಂತೆ ಗುಳ್ಳೆಗಳಾಗುತ್ತವೆ. ಕಿಲೌಯಾದ ಬಸಾಲ್ಟ್ ಎಂಬ ಬಗೆಯ ಪಾಕದಲ್ಲಿ ಸಿಲಿಕಾ ಸುಮಾರು ಶೇ. 50ರಷ್ಟಿದ್ದು ಪಾಕ ತೆಳುವಾಗಿರುವುದರಿಂದ ಗುಳ್ಳೆಗಳು ಸಲೀಸಾಗಿ ತಪ್ಪಿಸಿಕೊಳ್ಳುತ್ತವೆ. (ಹಾಗೆಂದು ಕಿಲೌಯಾವನ್ನು ಸಾಧುವೆನ್ನಲಾಗದು, 1924ರಲ್ಲಿ ಅದೂ ಸ್ಫೋಟಿಸಿತ್ತು.) ಪಿನಾಟುಬೊದ ಪಾಕದಲ್ಲಿ ಸಿಲಿಕಾ ಶೇ. 60ನ್ನು ಮೀರಿತ್ತು, ಅಂಥ ಅಂಟು ಪಾಕದಲ್ಲಿ ಸಿಕ್ಕಿಬಿದ್ದ ಗುಳ್ಳೆಗಳು ಹಿಗ್ಗಿ ಹಿಗ್ಗಿ ಕೊನೆಗೆ ಪಾಕವನ್ನೇ ಚೂರುಚೂರು ಮಾಡಿ ಬೂದಿಯಾಗಿ ಎಸೆಯುತ್ತವೆ. ಪ್ಯೂಮಿಸ್ ಕಲ್ಲನ್ನು ಒಡೆದು ನೋಡಿದರೆ ಮೈತುಂಬ ತೂತುಗಳು ಕಾಣುತ್ತವೆ. ಅದು ಹೆಪ್ಪುಗಟ್ಟಿದ ನೊರೆ, ಆದ್ದರಿಂದಲೇ ನೀರಿನ ಮೇಲೆ ತೇಲುತ್ತದೆ.

ಪ್ರಶ್ನೆ ಕೇಳಿದವರು:
ಈಗ ಸ್ಪಷ್ಟವಾಯಿತು, ಧನ್ಯವಾದಗಳು. ಭೂಕಂಪವನ್ನೂ ಕಾರಣವೆನ್ನಬಹುದೇ?

ಉತ್ತರ 3:
ನೆಪವೆನ್ನಬಹುದು. 1980ರಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್ ಪರ್ವತದೊಳಗೆ ಶಿಲಾಪಾಕ ನುಗ್ಗಿ, ಅದರ ಉತ್ತರದ ಮಗ್ಗುಲು ದಿನಕ್ಕೆ ಸುಮಾರು 1.5ರಿಂದ 2 ಮೀಟರ್‌ನಷ್ಟು ಉಬ್ಬುತ್ತಿತ್ತು. ಮೇ 18ರ ಬೆಳಗ್ಗೆ 5.1 ತೀವ್ರತೆಯ ಕಂಪನಕ್ಕೆ ಆ ಉಬ್ಬಿದ ಮಗ್ಗುಲು ಕುಸಿದು ಜಾರಿತು. ಮೇಲಿನ ಭಾರ ಒಮ್ಮೆಲೇ ಸರಿದುಹೋದದ್ದರಿಂದ ಒಳಗೆ ಅದುಮಿಟ್ಟಿದ್ದ ಅನಿಲ ಪಕ್ಕಕ್ಕೇ ಸಿಡಿಯಿತು. ಕಂಪನವೊಂದೇ ಸಾಲುತ್ತಿರಲಿಲ್ಲ, ಪಾಕ ಎರಡು ತಿಂಗಳ ಹಿಂದಿನಿಂದಲೇ ಬಂದು ಕಾದಿತ್ತು.