ಸಹಾಯ ಬೇಕು: ಡೆಂಪ್‌ಸ್ಟರ್ ಹೆದ್ದಾರಿಯಲ್ಲಿ ಕಾರು ಓಡಿಸಿದವರು ದಯವಿಟ್ಟು ತಿಳಿಸಿ

ಎಲ್ಲರಿಗೂ ನಮಸ್ಕಾರ. ಕ್ಯಾಲ್ಗರಿಯಲ್ಲಿರುವ ನಾನು, ಬರುವ ಜುಲೈನಲ್ಲಿ ಪತ್ನಿ ಹಾಗೂ ಹಾಸನದಿಂದ ಬರಲಿರುವ ತಂದೆಯವರೊಂದಿಗೆ, ಕೆನಡಾದ ವಾಯವ್ಯ ಭಾಗದ ಯೂಕಾನ್‌ನ ಡಾಸನ್ ಸಿಟಿ ಬಳಿಯಿಂದ ಡೆಂಪ್‌ಸ್ಟರ್ ಹೆದ್ದಾರಿ ಹಿಡಿದು ಇನುವಿಕ್‌ಗೂ, ಅಲ್ಲಿಂದ 2017ರಲ್ಲಿ ತೆರೆದ ರಸ್ತೆಯಲ್ಲಿ ಆರ್ಕ್ಟಿಕ್ ಸಾಗರದ ದಡದ ಟುಕ್ಟೊಯಾಕ್ಟಕ್‌ಗೂ ಹೋಗಬೇಕೆಂದಿದ್ದೇನೆ.

ನನ್ನ ದೊಡ್ಡ ಚಿಂತೆ ಟೈರುಗಳದ್ದು. ಎರಡು ವರ್ಷದ ಹಿಂದೆ ಇದೇ ಜಲ್ಲಿ ರಸ್ತೆಯಲ್ಲಿ, ಟೂಂಬ್‌ಸ್ಟೋನ್ ಉದ್ಯಾನವನ್ನು ದಾಟಿದ ಸ್ವಲ್ಪ ಹೊತ್ತಿಗೇ, ಹೆಬ್ಬೆರಳಿನಷ್ಟು ಉದ್ದದ, ಅಂಚು ಬ್ಲೇಡಿನಂತಿದ್ದ ಶೇಲ್ ಕಲ್ಲಿನ ಚೂರು ಹಿಂದಿನ ಟೈರನ್ನು ಸೀಳಿತು. ಜಾಕಿ ಕೆಸರಿನಲ್ಲಿ ಹೂತುಹೋಗುತ್ತಿದ್ದುದರಿಂದ ಅದರಡಿ ಹಲಗೆಯಿಟ್ಟು, ಇದ್ದ ಒಂದೇ ಸ್ಟೆಪ್ನಿ ಹಾಕಿಕೊಂಡೆವು. ಹೆದ್ದಾರಿಯ ಆರಂಭದಿಂದ ಸುಮಾರು 370 ಕಿ.ಮೀ. ದೂರದ ಈಗಲ್ ಪ್ಲೇನ್ಸ್‌ವರೆಗೆ ಪೆಟ್ರೋಲ್ ಬಂಕ್ ಸಹ ಇಲ್ಲವೆಂಬುದನ್ನು ನೆನೆದು, ಮನಸ್ಸಿಲ್ಲದೆ ಹಿಂತಿರುಗಿದೆವು.

ಈ ಬಾರಿ ಎರಡು ಸ್ಟೆಪ್ನಿ ಒಯ್ದರೆ ಸಾಕೇ, ಅಥವಾ ನಾಲ್ಕೂ ಟೈರುಗಳನ್ನು ಹತ್ತು ಪ್ಲೈಯ (ಹೆಚ್ಚು ಗಟ್ಟಿಯಾದ) ಟೈರುಗಳಿಗೆ ಬದಲಿಸಬೇಕೇ? ಮಳೆ ಬಂದಾಗ, ಧೂಳು ಏಳದಿರಲೆಂದು ಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ಸೇರಿ ರಸ್ತೆ ಜಾರುವುದರಿಂದ, ಎಷ್ಟು ವೇಗ ಕ್ಷೇಮಕರ? ಪೀಲ್ ಮತ್ತು ಮೆಕೆಂಜಿ ನದಿಗಳಲ್ಲಿ ಕಾರು ದಾಟಿಸುವ ಫೆರಿ (ದೋಣಿ) ನಿಂತುಹೋಗಿ ಯಾರಾದರೂ ದಡದಲ್ಲಿ ಕಾದಿದ್ದೀರಾ? ತಂದೆಯವರಿಗೆ ಸಕ್ಕರೆ ಕಾಯಿಲೆಯಿದ್ದು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಆದ್ದರಿಂದ ದಾರಿಯಲ್ಲಿ ತುರ್ತು ಸಹಾಯ ಕೇಳಲು ಸ್ಯಾಟಲೈಟ್ ಫೋನ್ ಬಾಡಿಗೆಗೆ ಪಡೆದವರ ಅನುಭವ ನನಗೆ ಬಹಳ ಮುಖ್ಯ. ಕೇಳಿದ್ದನ್ನಲ್ಲ, ಸ್ವತಃ ಓಡಿಸಿ ಕಂಡದ್ದನ್ನು ತಿಳಿಸಿದರೆ ಉಪಕಾರವಾಗುತ್ತದೆ.