ಒಂದು ಡಬ್ಬಿ, ಮೂರು ‘ಟಚ್ ಆಫ್ ಈವಿಲ್’: ಭಾನುವಾರ ಯಾವುದು ಹಾಕೋಣ?

ಸಾಲಗಾಮೆ ರಸ್ತೆ ಹುಡುಗ:
‘ಟಚ್ ಆಫ್ ಈವಿಲ್’ 4ಕೆ ಡಿಸ್ಕ್ ಅಂತೂ ಇಂತೂ ಹಾಸನ ಮುಟ್ಟಿತು. 2022ರಲ್ಲಿ ಅಮೆರಿಕದಲ್ಲಿ ಕಿನೋ ಲಾರ್ಬರ್ ಅನ್ನುವ ಡಿಸ್ಕ್ ಕಂಪನಿ ಬಿಟ್ಟಿದ್ದು. ಭಾವ ರಜೆಗೆ ಬರುವಾಗ ಚಾಕೊಲೇಟ್ ಪೊಟ್ಟಣಗಳ ನಡುವೆ ಇಟ್ಟು ತಂದುಕೊಟ್ಟರು.

ಗೊತ್ತಿಲ್ಲದವರಿಗೆ ಹೇಳ್ತೀನಿ. 1958ರ ಕಪ್ಪು-ಬಿಳುಪು ಕ್ರೈಂ ಪಿಕ್ಚರ್, ಆರ್ಸನ್ ವೆಲ್ಸ್ ನಿರ್ದೇಶನ. ಮೆಕ್ಸಿಕೊ ಗಡಿಯ ಒಂದು ಊರು, ಕಾರಿನಲ್ಲಿ ಬಾಂಬು. ಸಾಕ್ಷಿಯನ್ನು ತಾನೇ ಇಟ್ಟು ತಾನೇ ‘ಕಂಡುಹಿಡಿಯುವ’ ಒಬ್ಬ ದಢೂತಿ ಪೊಲೀಸ್. ಕ್ವಿನ್ಲನ್ ಅಂತ ಹೆಸರು. ಆ ಪಾತ್ರ ಮಾಡಿದ್ದೂ ವೆಲ್ಸೇ.

ಭಾನುವಾರ ನಮ್ಮ ಮನೆ ಮಹಡಿಯಲ್ಲಿ ಎಂಟು ಜನ ಕೂತು ನೋಡುವುದು ಅಂತ ಇದೆ. ತೊಂದರೆ ಏನಂದ್ರೆ, ಡಬ್ಬಿಯಲ್ಲಿ ಇರುವುದು ಮೂರು ಥರದ ಪಿಕ್ಚರ್. 1958ರಲ್ಲಿ ಥಿಯೇಟರಿಗೆ ಬಂದದ್ದು ಸುಮಾರು 95 ನಿಮಿಷ. ಬಿಡುಗಡೆಗೆ ಮುಂಚೆ ತೋರಿಸಿ ನೋಡುವ ಪ್ರಿವ್ಯೂ ಕಾಪಿ ಎಪ್ಪತ್ತರ ದಶಕದಲ್ಲಿ ಸಿಕ್ಕಿತು, ಅದು 108ರ ಆಸುಪಾಸು. 1998ರಲ್ಲಿ ಮತ್ತೆ ಎಡಿಟ್ ಮಾಡಿದ್ದು ಇನ್ನೂ ಸ್ವಲ್ಪ ಉದ್ದ. ಯಾವುದು ಹಾಕಲಿ?

ಬೇಲೂರಿನವಳು:
ಇದರಲ್ಲಿ ಕೇಳುವುದೇನಿದೆ? 1998ರದ್ದು. ಯೂನಿವರ್ಸಲ್ ಸ್ಟುಡಿಯೋದವರು ವೆಲ್ಸ್ ಕೈಯಿಂದ ಪಿಕ್ಚರ್ ಕಿತ್ತುಕೊಂಡು ತಮಗೆ ಬೇಕಾದ ಹಾಗೆ ಕತ್ತರಿಸಿದರು. ಹ್ಯಾರಿ ಕೆಲ್ಲರ್ ಅನ್ನುವ ಇನ್ನೊಬ್ಬ ನಿರ್ದೇಶಕನ ಕೈಯಲ್ಲಿ ಕೆಲವು ಸೀನ್ ತೆಗೆಸಿ ಸೇರಿಸಿದರು. ಅದನ್ನು ನೋಡಿ ವೆಲ್ಸ್ 1957ರ ಡಿಸೆಂಬರಿನಲ್ಲಿ 58 ಪುಟದ ಪತ್ರ ಬರೆದ. ಇಲ್ಲಿ ಹೀಗೆ ಮಾಡಿ, ಅಲ್ಲಿ ಹಾಗೆ ಮಾಡಿ ಅಂತ. ಆಗ ಜಾಸ್ತಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಲವತ್ತು ವರ್ಷ ಆದ ಮೇಲೆ ಅದೇ ಪತ್ರ ಇಟ್ಟುಕೊಂಡು ವಾಲ್ಟರ್ ಮರ್ಚ್ ಎಡಿಟ್ ಮಾಡಿದರು. ಬರೆದವನ ಮಾತಿಗೆ ಬೆಲೆ ಕೊಡಬೇಕಲ್ವಾ?

ವಿಸಿಆರ್ ವೀರ:
ಮೇಡಂ, ಬೆಲೆ ಕೊಡೋಣ. ಆದರೆ ಮೊದಲ ಶಾಟಿನ ಹೆನ್ರಿ ಮಾನ್ಸಿನಿ ಮ್ಯೂಸಿಕ್ಕನ್ನೇ ತೆಗೆದುಬಿಟ್ಟಿದ್ದಾರಲ್ಲ! ಡಿಕ್ಕಿಯಲ್ಲಿ ಬಾಂಬು ಇಡುತ್ತಾರೆ, ಕಾರು ಹೊರಡುತ್ತದೆ, ಕ್ಯಾಮೆರಾ ಕ್ರೇನಿನ ಮೇಲೆ ಊರೆಲ್ಲಾ ಸುತ್ತುತ್ತದೆ. ಮೂರು ನಿಮಿಷದ ಮೇಲೆ, ಒಂದೂ ಕಟ್ ಇಲ್ಲ. ಆ ಬೋಂಗೊ ಬಡಿತ ಕೇಳುತ್ತಿದ್ದರೆ ಎದೆ ಢವಢವ ಅನ್ನುತ್ತೆ. ನಾನು ಈ ಪಿಕ್ಚರಿಗೆ ಬಿದ್ದದ್ದೇ ಆ ಮ್ಯೂಸಿಕ್ಕಿಗೆ, ಬಾಡಿಗೆ ಕ್ಯಾಸೆಟ್ ಕಾಲದಲ್ಲಿ. 1998ರದ್ದರಲ್ಲಿ ಬರೀ ಬೀದಿ ಸದ್ದು. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ನಿಂತ ಹಾಗಿದೆ.

ಬೇಲೂರಿನವಳು:
ಬಸ್ ಸ್ಟ್ಯಾಂಡಿನ ಹಾಗಿರಬೇಕು ಅಂತಲೇ ವೆಲ್ಸ್ ಕೇಳಿದ್ದು. ಒಂದೊಂದು ಬಾರಿನಿಂದ ಒಂದೊಂದು ಹಾಡು, ಆ ಕಾರಿನ ರೇಡಿಯೋದಿಂದ ಇನ್ನೊಂದು. ಕಣ್ಣು ಮುಚ್ಚಿಕೊಂಡು ಕೇಳಿ ನೋಡಿ. ಕಾರು ಚಿತ್ರದಿಂದ ಆಚೆ ಹೋಗುತ್ತದೆ, ರೇಡಿಯೋ ಸದ್ದು ಸಣ್ಣಗಾಗುತ್ತದೆ. ಆಮೇಲೆ ಮತ್ತೆ ಅದೇ ಸದ್ದು ಹತ್ತಿರ ಬಂತು ಅಂದರೆ ಬಾಂಬೂ ಹತ್ತಿರ ಬಂತು ಅಂತ. ನಿಮ್ಮ ಬೋಂಗೊ ಇದನ್ನು ಹೇಳುತ್ತಾ? ಮೇಲಾಗಿ ಹಳೆಯದರಲ್ಲಿ ಆ ಶಾಟಿನ ಮೇಲೆಲ್ಲಾ ಹೆಸರುಗಳು. ಕಾರು ನೋಡುವುದೋ ಹೆಸರು ಓದುವುದೋ?

ರಿಟೈರ್ಡ್ ಮೇಷ್ಟ್ರು:
ಇಬ್ಬರೂ ಸ್ವಲ್ಪ ತಾಳಿ. 1998ರದ್ದನ್ನು ‘ವೆಲ್ಸ್‌ನ ಪಿಕ್ಚರ್’ ಅನ್ನುವುದೇ ತಪ್ಪು. ಆ ಪತ್ರ ಅವನ ಮನಸ್ಸಿನ ಪಿಕ್ಚರ್ ಹೀಗಿತ್ತು ಅಂತ ಬರೆದದ್ದಲ್ಲ. ಸ್ಟುಡಿಯೋ ಮಾಡಿಟ್ಟಿದ್ದನ್ನು ನೋಡಿ, ಹೋಗಲಿ, ಇದನ್ನಾದರೂ ಸರಿ ಮಾಡಿ ಅಂತ ಬೇಡಿಕೊಂಡದ್ದು. ವೆಲ್ಸ್ 1985ರಲ್ಲೇ ತೀರಿಕೊಂಡ. 1998ರಲ್ಲಿ ಸೈ ಅನ್ನಲು ಅವನೆಲ್ಲಿದ್ದ? ಹಳೇಬೀಡಿನ ದೇವಸ್ಥಾನಕ್ಕೆ ಶಿಖರ ಇಲ್ಲ. ಇದ್ದಿದ್ದರೆ ಹೀಗಿರುತ್ತಿತ್ತು ಅಂತ ಈಗ ಕಾಂಕ್ರೀಟಿನಲ್ಲಿ ಕಟ್ಟಿದರೆ ಒಪ್ಪುತ್ತೀರಾ?

ಬೇಲೂರಿನವಳು:
ಮೇಷ್ಟ್ರೇ, ಅನ್ಯಾಯದ ಹೋಲಿಕೆ. ಕಾಂಕ್ರೀಟು ಎಲ್ಲಿ ಬಂತು? ಹೊಸದಾಗಿ ಒಂದು ಶಾಟೂ ತೆಗೆದಿಲ್ಲ. ಅಲ್ಲೇ ಬಿದ್ದಿದ್ದ ಕಲ್ಲನ್ನೇ ಎತ್ತಿ ಇಟ್ಟಿದ್ದಾರೆ. ಎಲ್ಲಿಡಬೇಕು ಅಂತ ಶಿಲ್ಪಿಯೇ ಚೀಟಿ ಬರೆದಿಟ್ಟಿದ್ದ. ಕ್ವಿನ್ಲನ್‌ನ ಜೊತೆಗಾರ ಪೊಲೀಸ್ ಮೆಂಜೀಸ್ ಪಾತ್ರದ ಒಂದು ಕ್ಲೋಸಪ್ ತೆಗೆದುಹಾಕಿ, ಲೆನ್ಸ್ ಸರಿ ಇಲ್ಲ ಅಂತ ವೆಲ್ಸ್ ಬರೆದಿದ್ದ. ತೆಗೆದುಹಾಕಿ ನೋಡಿದರೆ ಆ ಪಾತ್ರದ ಸ್ವಭಾವವೇ ಬದಲಾಯಿತು ಅಂತ ಮರ್ಚ್ ಹೇಳಿದ್ದಾರೆ. ಒಂದೇ ಒಂದು ಶಾಟು!

ರಿಟೈರ್ಡ್ ಮೇಷ್ಟ್ರು:
ಕಲ್ಲು ಅದೇ ಅನ್ನುವುದು ಒಪ್ಪಿದೆ. ಚೀಟಿ ಅರ್ಧ ಕಟ್ಟಡಕ್ಕೆ ಮಾತ್ರ, ಅಷ್ಟೇ ನನ್ನ ತಕರಾರು.

ತೋಟದ ಮನೆ ಸಕಲೇಶಪುರ:
ನಿಮ್ಮ ಜಗಳ ಆಮೇಲೆ ಮಾರಾಯ್ರೆ. ನನ್ನ ಕಥೆ ಕೇಳಿ. ಇದೇ ಪಿಕ್ಚರಿನ ಇಂಗ್ಲೆಂಡಿನ ಬ್ಲೂರೇ 2011ರಲ್ಲಿ ಬಂತಲ್ಲ, ಅದನ್ನು ಆಸೆಪಟ್ಟು ತರಿಸಿದೆ. ಡಿಸ್ಕಿಗಿಂತ ಸುಂಕ, ಕೊರಿಯರ್ ಖರ್ಚೇ ಜಾಸ್ತಿ ಅನ್ನಿಸಿತು. ಪ್ಲೇಯರಿಗೆ ಹಾಕಿದರೆ ಓಡಲ್ಲ! ಬ್ಲೂರೇಗೆ ದೇಶಗಳನ್ನು ರೀಜನ್ ಅಂತ ಹಂಚಿದ್ದಾರೆ, ಒಂದರ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡದಿರಬಹುದು. ಇಂಗ್ಲೆಂಡಿನದು ‘ಬಿ’ ರೀಜನ್, ಅಮೆರಿಕದ್ದು ‘ಎ’, ನಮ್ಮದು ‘ಸಿ’. ಮೂರು ವರ್ಷ ಅದು ಮೆಣಸಿನ ಲೆಕ್ಕದ ಪುಸ್ತಕದ ಪಕ್ಕ ಕೂತಿತ್ತು. 4ಕೆ ಡಿಸ್ಕಿಗೆ ಈ ರೀಜನ್ ರಗಳೆ ಇಲ್ಲ. ಹುಡುಗ, ನಿನ್ನ ಪ್ಲೇಯರ್ 4ಕೆ ಓದುತ್ತಾ, ಬರೀ ಬ್ಲೂರೇನಾ? ಟೀವಿ 4ಕೆ ಆದರೆ ಸಾಲದು. ಇವತ್ತೇ ಹಾಕಿ ನೋಡು.

ಸಾಲಗಾಮೆ ರಸ್ತೆ ಹುಡುಗ:
ನೋಡಿದೆ ಅಣ್ಣ, ಓಡುತ್ತೆ. ಆದರೆ ಮೇಲೆ ಕೆಳಗೆ ಸ್ವಲ್ಪ ಕತ್ತರಿಸಿದ ಹಾಗೆ ಅಗಲವಾಗಿ ಬರ್ತಿದೆ. ಹಳೇ ಕ್ಯಾಸೆಟ್ಟಿನಲ್ಲಿ ಚೌಕವಾಗಿತ್ತಲ್ವಾ?

ತೋಟದ ಮನೆ ಸಕಲೇಶಪುರ:
ಬಂತು ನೋಡಿ ಇನ್ನೊಂದು ಜಗಳ. ನನ್ನ ಬ್ಲೂರೇಯಲ್ಲಿ ಚೌಕದ 1.37, ಅಗಲದ 1.85 ಎರಡೂ ಅಳತೆ ಇತ್ತು, ಎತ್ತರದ ಎಷ್ಟು ಪಟ್ಟು ಅಗಲ ಅಂತ ಆ ಲೆಕ್ಕ. ಓಡದ ಡಿಸ್ಕಿನಲ್ಲಿ ಏನಿದ್ದರೇನು, ಬಿಡಿ.

ವಿಸಿಆರ್ ವೀರ:
ನನ್ನ ಓಟು ಚೌಕಕ್ಕೆ. ಅದರಲ್ಲಿ ಕ್ವಿನ್ಲನ್‌ನ ತಲೆ ಮೇಲೆ ಛಾವಣಿ ಬಂದು ಕೂತ ಹಾಗಿರುತ್ತೆ.

ರಿಟೈರ್ಡ್ ಮೇಷ್ಟ್ರು:
ಯೂನಿವರ್ಸಲ್ 1953ರಿಂದಲೇ ಅಗಲ ಪರದೆಗೆ ಹೋಗಿತ್ತು. 1958ರ ಥಿಯೇಟರಿನಲ್ಲಿ ಜನ ನೋಡಿದ್ದು ಅಗಲದ್ದೇ. ನಿನಗೆ ಚೌಕ ಇಷ್ಟ ಅಂದರೆ ಅದು ಕ್ಯಾಸೆಟ್ಟಿನ ಋಣ ಅಷ್ಟೆ.

ಗೊರೂರು ನೀರು:
ಸುಮ್ನೆ ಓದುತ್ತಿದ್ದೆ, ಹೊಟ್ಟೆ ಉರಿದು ಬರೆಯುತ್ತಿದ್ದೇನೆ. ಅವರಿಗೆ ಒಂದು ಪಿಕ್ಚರಿಗೆ ಮೂರು ಕಾಪಿ, ಮೂರಕ್ಕೂ 4ಕೆ. ನಮ್ಮ ಕಪ್ಪು-ಬಿಳುಪು ಪತ್ತೇದಾರಿ ಪಿಕ್ಚರ್‌ಗಳಿಗೆ ಒಂದು ನೆಟ್ಟಗಿನ ಕಾಪಿ ಇಲ್ಲ. ಯೂಟ್ಯೂಬಿನಲ್ಲಿ ನೋಡಿದರೆ ಮೂಲೆಯಲ್ಲಿ ಚಾನೆಲ್ ಮುದ್ರೆ, ಮುಖವೆಲ್ಲಾ ಸುಣ್ಣ ಬಳಿದ ಹಾಗೆ. 1.37 ಅಂತೆ, 1.85 ಅಂತೆ!

ಬೇಲೂರಿನವಳು:
ನಿಮ್ಮ ಉರಿ ನನಗೂ ಇದೆ. ಆದರೂ ಆಗೋದೇ ಇಲ್ಲ ಅನ್ನಬೇಡಿ. ‘ಘಟಶ್ರಾದ್ಧ’ 1977ರದ್ದು, ಅದನ್ನು ಸರಿಪಡಿಸಿ 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದರು. ಹಳೇ ಪಿಕ್ಚರ್ ಉಳಿಸುವ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಅನ್ನುವ ಸಂಸ್ಥೆ ಕೈ ಹಾಕಿತ್ತು.

ಗೊರೂರು ನೀರು:
ಅದು ಪ್ರಶಸ್ತಿ ಪಿಕ್ಚರ್, ಯಾರೋ ಕೈ ಹಾಕಿದರು. ಟೆಂಟಿನಲ್ಲಿ ನಾವು ಶಿಳ್ಳೆ ಹೊಡೆದ ಪಿಕ್ಚರಿಗೆ ಯಾರು ಹಾಕುತ್ತಾರೆ? ಈ ವೆಲ್ಸ್‌ದೂ ಆವತ್ತು ಅಂಥದ್ದೇ ಪಿಕ್ಚರ್ ಅಲ್ವಾ? ಬರೀ ಪೊಲೀಸು, ಬಾಂಬು.

ರಿಟೈರ್ಡ್ ಮೇಷ್ಟ್ರು:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲಪ್ಪ.

ಸಾಲಗಾಮೆ ರಸ್ತೆ ಹುಡುಗ:
ಸರಿ, ನಾನು ಹೀಗೆ ಮಾಡ್ತೀನಿ. ಮೊದಲು 1958ರ ಡಿಸ್ಕಿನಿಂದ ಆ ಮೊದಲ ಶಾಟ್ ಮಾತ್ರ, ಬೋಂಗೊ ಸಮೇತ. ಆಮೇಲೆ ಡಿಸ್ಕ್ ಬದಲಾಯಿಸಿ 1998ರದ್ದು ಪೂರ್ತಿ. ಇಂಗ್ಲಿಷ್ ಸಬ್‌ಟೈಟಲ್ ಹಾಕಿರ್ತೀನಿ, ವೆಲ್ಸ್ ಬಾಯೊಳಗೇ ಮಾತಾಡ್ತಾನೆ. ಸಂಜೆ ಆರಕ್ಕೆ ಶುರು. ಗೊರೂರಿನವರೇ, ನೀವೂ ಬನ್ನಿ, ಒಂದು ಕುರ್ಚಿ ಜಾಸ್ತಿ ಹಾಕಿಸ್ತೀನಿ.

ಗೊರೂರು ನೀರು:
ಬರ್ತೀನಿ. ಕೊನೇ ಬಸ್ಸಿಗೆ ಮುಂಚೆ ಮುಗಿಯುವುದು ಯಾವುದೋ ಅದನ್ನು ಹಾಕಿ.

ವಿಸಿಆರ್ ವೀರ:
ಹಾಗಾದ್ರೆ 95 ನಿಮಿಷದ್ದೇ!