89ರ ಲಾ ಬ್ಯಾಚ್ ಗುಂಪಿನಲ್ಲಿ ಒಂದು ಕಾರ್ಡಿನ ಜಗಳ

ರಮೇಶ: (ಫಾರ್ವರ್ಡ್ ಆದ ಫೋಟೋ) “ಸರ್ ಮುಹಮ್ಮದ್ ಜಫರುಲ್ಲಾ ಖಾನ್. ವಿಶ್ವಸಂಸ್ಥೆಯ ಮಹಾಸಭೆ, ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ, ಎರಡಕ್ಕೂ ಅಧ್ಯಕ್ಷರಾದ ಒಬ್ಬರೇ ವ್ಯಕ್ತಿ. ಪಾಕಿಸ್ತಾನದ ಮೊದಲ ಪ್ರಧಾನಿ. ದೈವಭಕ್ತ ಮುಸ್ಲಿಂ.”

ಶಶಿ: ಪ್ರಧಾನಿ ಅಲ್ಲ ಮಾರಾಯ, ವಿದೇಶಾಂಗ ಮಂತ್ರಿ. ಪ್ರಧಾನಿ ಲಿಯಾಖತ್ ಅಲಿ. ಓದದೆ ಕಳಿಸುವುದನ್ನು ಯಾವಾಗ ಬಿಡುತ್ತೀ? 1948ರಲ್ಲಿ ಕಾಶ್ಮೀರದ ದೂರು ಹಿಡಿದು ಭದ್ರತಾ ಮಂಡಳಿಗೆ ಹೋದವರು ನಾವು. ಇವನು ಗಂಟೆಗಟ್ಟಲೆ ಮಾತಾಡಿ ನಮ್ಮನ್ನೇ ಕಟಕಟೆಗೆ ಹತ್ತಿಸಿದ. ಇಲ್ಲಿ ಹಾರ ಯಾಕೆ?

ಗೀತಾ: ನಮ್ಮ ಕಡೆ ಗೋಪಾಲಸ್ವಾಮಿ ಅಯ್ಯಂಗಾರ್ ಇದ್ದರು. ಎದುರು ಪಾರ್ಟಿಯ ವಕೀಲ ಚೆನ್ನಾಗಿ ವಾದಿಸಿದರೆ ಅದು ತಪ್ಪಾ? ನೀನೂ ಕೋರ್ಟಿಗೆ ಹೋಗುವವನೇ ಅಲ್ವಾ.

ಶಶಿ: ವಕೀಲ ಸರಿ. ಜಡ್ಜ್ ಆದ ಮೇಲೆ? 1971ರಲ್ಲಿ ನಾವು ಪಾಕಿಸ್ತಾನದ ವಿಮಾನಗಳನ್ನು ನಮ್ಮ ಮೇಲಿಂದ ಹಾರದಂತೆ ತಡೆದೆವು. ಆ ಕೇಸು ಹೇಗ್‌ಗೆ ಹೋದಾಗ ಕೋರ್ಟಿನ ಅಧ್ಯಕ್ಷ ಇವನೇ. 1972ರಲ್ಲಿ ಸೋತೆವು.

ಗೀತಾ: 14–2. ಅವರೊಬ್ಬರ ವೋಟು ತೆಗೆದರೂ ಸೋಲೇ. ಅದೂ ಅಂತರರಾಷ್ಟ್ರೀಯ ವಿಮಾನಯಾನ ಕೌನ್ಸಿಲ್‌ಗೆ ದೂರು ಕೇಳುವ ಅಧಿಕಾರ ಉಂಟಾ ಎಂಬಷ್ಟೇ ಪ್ರಶ್ನೆ. ಅದರ ಹಿಂದಿನ ವರ್ಷ ನಮೀಬಿಯಾದಲ್ಲಿ ದಕ್ಷಿಣ ಆಫ್ರಿಕಾ ಕೂತದ್ದೇ ಅಕ್ರಮ ಎಂದದ್ದೂ ಇವರ ಕೋರ್ಟೇ. ದಕ್ಷಿಣ ಆಫ್ರಿಕಾದವರೂ ನಿನ್ನ ಹಾಗೇ, ಈ ಜಡ್ಜ್ ಬೇಡ ಎಂದು ತಕರಾರು ಹಾಕಿದ್ದರು.

ವಸಂತ (ಅಡ್ಮಿನ್): ಧರ್ಮ, ರಾಜಕೀಯ ಬೇಡ ಎಂದು ಎಷ್ಟು ಸಲ ಹೇಳುವುದು? ಆದರೂ ಒಂದು ಮಾತು. 1954ರಲ್ಲಿ ಅವರು ಹೇಗ್‌ಗೆ ಹೋದದ್ದು ಯಾರ ಜಡ್ಜ್ ಸೀಟಿಗೆ ಗೊತ್ತುಂಟಾ? ನಮ್ಮ ಬಿ.ಎನ್. ರಾವ್ ಅವರದ್ದು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದವರು, ಸಂವಿಧಾನ ಸಭೆಯ ಸಲಹೆಗಾರರು. 1953ರಲ್ಲಿ ತೀರಿಕೊಂಡರು. ಖಾಲಿ ಸೀಟಿಗೆ ಭಾರತದ ಕಡೆಯಿಂದ ರಾಧಾಬಿನೋದ್ ಪಾಲ್ ನಿಂತರು. ಗೆದ್ದದ್ದು ಜಫರುಲ್ಲಾ.

ಶಶಿ: ನೋಡು, ಊರಿನ ಸೀಟೂ ಹೋಯಿತು.

ಇಕ್ಬಾಲ್: ಸುಮ್ನೆ ಓದುತ್ತಾ ಇದ್ದೆ. ಕಾರ್ಡಿನ ಕೊನೆಯ ಸಾಲು ಯಾರೂ ನೋಡಲಿಲ್ಲ. ಅವರು ಅಹ್ಮದಿಯಾ, ತಮ್ಮನ್ನು ಮುಸ್ಲಿಮರೆಂದೇ ಕರೆದುಕೊಳ್ಳುವ, ಆದರೆ ಉಳಿದ ಮುಸ್ಲಿಮರು ಹೆಚ್ಚಾಗಿ ಒಪ್ಪದ ಪಂಥದವರು. ಆ ಪಂಥದ ನಂಬಿಕೆ ನಾನು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಆ ಹೆಸರು ಎತ್ತಿದರೆ ಊಟ ಅರ್ಧಕ್ಕೆ ನಿಲ್ಲುತ್ತದೆ. ಜಿನ್ನಾ ತೀರಿಕೊಂಡಾಗ ಇವರು ಜನಾಜಾ ನಮಾಜಿನ (ಅಂತ್ಯಸಂಸ್ಕಾರದ ಪ್ರಾರ್ಥನೆಯ) ಸಾಲಿಗೆ ಸೇರಲಿಲ್ಲ, ಬದಿಯಲ್ಲೇ ಉಳಿದರು. ಅದನ್ನು ಅಲ್ಲಿ ಇವತ್ತಿಗೂ ಎತ್ತಿ ಆಡುತ್ತಾರೆ. 1953ರಲ್ಲಿ ಇವರನ್ನು ಮಂತ್ರಿ ಸ್ಥಾನದಿಂದ ತೆಗೆಯಿರಿ ಎಂದು ಗಲಾಟೆ ಎದ್ದು ಲಾಹೋರಿಗೆ ಮಾರ್ಷಲ್ ಲಾ ಬಂತು. ಮನುಷ್ಯ ಕುರ್‌ಆನನ್ನು ಇಂಗ್ಲಿಷಿಗೆ ತಂದವರು. 1974ರಲ್ಲಿ ಅವರದೇ ದೇಶದ ಸಂಸತ್ತು ಸಂವಿಧಾನದ 260ನೇ ವಿಧಿ ತಿದ್ದಿ, ಅಹ್ಮದಿಯಾದವರು ಮುಸ್ಲಿಮರೇ ಅಲ್ಲ ಎಂದಿತು. ಮೌಲ್ವಿಗಳು ಹೇಳುವುದು ಬೇರೆ. ಅದನ್ನು ಸದನದಲ್ಲಿ ಕೈ ಎತ್ತಿಸಿ ತೀರ್ಮಾನಿಸುವುದಾ? ಶಶಿ, ಇದು ನಮ್ಮ ಕಾಲೇಜಿನ ಮೂಟ್ ಕೋರ್ಟಿಗೆ (ಅಣಕು ನ್ಯಾಯಾಲಯಕ್ಕೆ) ಬಂದಿದ್ದರೆ ಮೊದಲು ಎದ್ದು ನಿಲ್ಲುತ್ತಿದ್ದವನು ನೀನೇ.

(ಶಶಿ ಬರೆಯುತ್ತಾನೆ, ಅಳಿಸುತ್ತಾನೆ. ಐದು ನಿಮಿಷ ಇದೇ.)

ಶಶಿ: 260 ಗೊತ್ತಿರಲಿಲ್ಲ. ಕಾಶ್ಮೀರದ್ದು ಮಾತ್ರ ಬಿಡುವುದಿಲ್ಲ.

ಇಕ್ಬಾಲ್: ಬಿಡು ಎಂದವರು ಯಾರು? ಆ ವಾದ ನನಗೂ ಸರಿ ಕಾಣುವುದಿಲ್ಲ.

ರಮೇಶ: ಹಾಗಾದರೆ ಕೊನೆಯ ಸಾಲು ತೆಗೆಯಬೇಕಾ?

ಇಕ್ಬಾಲ್: ಅದು ಇರಲಿ. ‘ಪ್ರಧಾನಿ’ ತೆಗೆ.

ರಮೇಶ: ನನಗೆ ಬಂದದ್ದೇ ಫೋಟೋ ಮಾರಾಯ, ತಿದ್ದುವುದು ಹೇಗೆ? ಸಂಜೆ ಅಕ್ಕನ ಮಗ ಬರುತ್ತಾನೆ, ಅವನ ಹತ್ತಿರ ಮಾಡಿಸುತ್ತೇನೆ.